ಅಪ್ಪನ ತೊದಲಿಗೆ ನನ್ನ ಉತ್ತರ

ಪದ್ಮನಾಭನಗರದ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಆ ವಾರ ವೆನ್, ವೈಲ್, ಬಿಫೋರ್, ಆಫ್ಟರ್ ಹಾಕಿ ಎರಡು ಘಟನೆಗಳನ್ನು ಜೋಡಿಸುವ ಪಾಠ. ಮೇಡಂ ಅವರ ಮೂಗಿನ ದನಿಯಲ್ಲೇ ಒಪ್ಪಿಸಿ ಚಪ್ಪಾಳೆ ಗಿಟ್ಟಿಸಿದ್ದೆ. ಬೇರೆಯವರ ದನಿಯಲ್ಲಾದರೆ ನನ್ನ ಇಂಗ್ಲಿಷ್ ಓಡುತ್ತದೆ. ನನ್ನದರಲ್ಲಿ ಸಾರಕ್ಕಿ ಸಿಗ್ನಲ್ಲಿನ ಬಸ್ಸಿನಂತೆ ನಿಂತುಬಿಡುತ್ತದೆ.

ಭಾನುವಾರ ಬೆಳಿಗ್ಗೆ ಅದರದೇ ಹೋಂವರ್ಕ್ ಬರೆಯುತ್ತಿದ್ದೆ. ಹಾಲಿನಿಂದ ಅಪ್ಪ ಏನೋ ಕೇಳಿದರು. ನಾಲಿಗೆ ದಪ್ಪಗಾದಂಥ ತೊದಲು. ದಿನಾ ಅವರನ್ನು ಅಣಕಿಸುವವನು ನಾನು. ಇವತ್ತು ಅವರೇ ನನ್ನ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ ಅಂದುಕೊಂಡು ಅದೇ ತೊದಲಿನಲ್ಲಿ ಉತ್ತರ ಕೊಟ್ಟೆ. ಸಖತ್ತಾಗಿಯೇ ಬಂತು. ಆಮೇಲೆ ಲೋಟ ಬಿದ್ದ ಸದ್ದು. ಹೋಗಿ ನೋಡಿದರೆ ಅಪ್ಪನ ಬಾಯಿ ಸೊಟ್ಟಗಾಗಿತ್ತು. ಬಲಗೈ ಬೇರೆ ಯಾರದೋ ಕೈಯಂತೆ ತೊಡೆಯ ಮೇಲೆ ಬಿದ್ದಿತ್ತು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮುಗಿಯುವಷ್ಟರಲ್ಲಿ ಹನ್ನೆರಡು. ಡಾಕ್ಟರಿಗೆ ಕನ್ನಡ ಬಾರದು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಕರಗಿಸುವ ಇಂಜೆಕ್ಷನ್ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಹೊತ್ತು ಮೀರಿ ಕೊಟ್ಟರೆ ಜೀವಕ್ಕೇ ಅಪಾಯ ಎಂದು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು. ಯಾವಾಗ ಶುರುವಾಯಿತೆಂದು ಕೇಳಿದರು. ಮೇಡಂ ದನಿ ಕೂಡ ಕೈಕೊಟ್ಟಿತು. ಒಂಬತ್ತೂವರೆಗೆ ನಾನು ಬರೆಯುತ್ತಿದ್ದಾಗ ಅಪ್ಪ ತೊದಲಿದರು, ನಾನೂ ತೊದಲಿದೆ, ಆಮೇಲೆ ಲೋಟ ಬಿತ್ತು ಎಂದು ನನ್ನದೇ ದನಿಯಲ್ಲಿ ಜೋಡಿಸಿದೆ. ಡಾಕ್ಟರು ಒಂದು ಗಳಿಗೆ ನನ್ನ ಬಾಯಿಯೂ ನೆಟ್ಟಗಿದೆಯೇ ಎಂದು ನೋಡಿದರು. ಒಂಬತ್ತೂವರೆ ಎಂದು ಬರೆದುಕೊಂಡು ಒಳಗೆ ಹೋದರು.

ಏನು ಹೇಳಿದೆ ಎಂದು ಹೊರಗಿದ್ದ ಅಮ್ಮ ಕೇಳಿದಳು. ಹೇಳಿದೆ. ಅವಳು ನನ್ನ ತೋಳು ಹಿಡಿದಳು.

"ಒಂಬತ್ತೂವರೆ ಅಲ್ಲ ಕಣೋ. ಏಳಕ್ಕೆ ನಾನು ರಂಗೋಲಿ ಹಾಕ್ತಿದ್ದಾಗ್ಲೇ ಹಂಗೆ ಕೂಗಿದ್ರು. ಅಪ್ಪನ ದನಿ ಮಾಡ್ತಿರೋದು ನೀನೇ ಅಂದ್ಕೊಂಡೆ. ಬೆಳಿಗ್ಗೆ ಬೆಳಿಗ್ಗೆನೇ ಶುರು ಹಚ್ಕೊಂಡ್ಯಾ ಅಂತ ಬೈದೆ."

ಏಳಕ್ಕೆ ನಾನಿನ್ನೂ ಎದ್ದೇ ಇರಲಿಲ್ಲ. ಆಮೇಲೆ ಪೇಪರ್ ಮುಖಕ್ಕೆ ಹಿಡಿದು ಕೂತ ಅಪ್ಪನನ್ನು ನಾವಿಬ್ಬರೂ ಮಾತಾಡಿಸಿರಲಿಲ್ಲ.

ಒಳಗೆ ಬರಬಾರದು ಎಂದು ಬರೆದಿದ್ದ ಬಾಗಿಲನ್ನು ತಳ್ಳಿದೆ. ನರ್ಸಿನ ಕೈಯಲ್ಲಿ ಸಿರಿಂಜ್ ಇತ್ತು.

"ಸಾರ್, ಸೆವೆನ್. ಬಿಫೋರ್ ಐ ವೋಕ್ ಅಪ್."

ಡಾಕ್ಟರು ಗಡಿಯಾರ ನೋಡಿ ನರ್ಸನ್ನು ತಡೆದರು. ಹೊತ್ತು ಮೀರಿತ್ತು, ಇಂಜೆಕ್ಷನ್ ಕೊಡಲಿಲ್ಲ.

ಅಪ್ಪ ಉಳಿದರು. ಮಾತು ಇನ್ನೂ ಪೂರ್ತಿ ಬಂದಿಲ್ಲ. ಈಗ ಅವರು ಸುಮ್ಮನೆ ಕೆಮ್ಮಿದರೂ ನಾನು ಕೋಣೆಯಿಂದ, ಅಮ್ಮ ಅಡುಗೆಮನೆಯಿಂದ ಓಡಿಬಂದು ಬಾಗಿಲಲ್ಲಿ ಡಿಕ್ಕಿ ಹೊಡೆಯುತ್ತೇವೆ.