ನಾಲ್ಕನೆಯ ಸ್ಟೇಜಿನ ಬೆಳಕು

ದಸ್ತಗೀರ, ಜುಲೇಖಾ ಬಿದ್ದದ್ದು ನಿನ್ನ ಕೈಯಿಂದಲ್ಲ, ನನ್ನಿಂದ. ನೀನು ಕಟ್ಟಿದ ಅಡಾಪ್ಟರಿನಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ಇದ್ದದ್ದು ನಾನು ಬರೆದ ಆಟದಲ್ಲಿ. ಅದು ನನಗೆ ಗೊತ್ತಿತ್ತು — ಅವಳು ಬೀಳುವ ಮೊದಲೇ ಗೊತ್ತಿತ್ತು — ಮತ್ತು ಸವದತ್ತಿಯ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ನಿನ್ನ ಪಕ್ಕದಲ್ಲೇ ನಿಂತು ನಾನು ಸುಳ್ಳು ಹೇಳಿದೆ. ಇಷ್ಟು ಬರೆಯಲು ನನಗೆ ಹನ್ನೊಂದು ವರ್ಷ ಹಿಡಿಯಿತು. ಈರಣ್ಣ ಎಂಥ ಮನುಷ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ಕಾಗದವನ್ನು ನಿನಗಿಂತ ಮೊದಲು ಜುಲೇಖಾ ಓದುತ್ತಾಳೆ. ನಿನ್ನ ಅಕ್ಕನ ಮಗಳಿಗೆ ಆಗ ಹದಿಮೂರು ವರ್ಷ, ಎಲ್ಲವೂ ಅವಳಿಗೆ ಗೊತ್ತಿಲ್ಲ. ಅದಕ್ಕಾಗಿ ನಿನಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ. ಬೇಸರವಾದರೂ ಓದು.

ಬೈಲಹೊಂಗಲದ ಬಜಾರದಲ್ಲಿ ಕೆಳಗೆ ನಿನ್ನ ಟಿವಿ ರಿಪೇರಿ ಅಂಗಡಿ, ಮೇಲಿನ ಕೋಣೆಯಲ್ಲಿ ನನ್ನ ಕಂಪ್ಯೂಟರ್ ಕ್ಲಾಸು. ಆಗ ಊರೂರಿಗೆ ವಿಡಿಯೋ ಗೇಮಿನ ಹುಚ್ಚು — ಟಿವಿಗೆ ಹಚ್ಚುವ ಅಗ್ಗದ ಪೆಟ್ಟಿಗೆ, ಅದರ ಬಾಯಿಗೆ ತುರುಕುವ ಹಳದಿ ಕ್ಯಾಸೆಟ್ಟು. ಮೇಲೆ ನೂರು ಆಟ ಎಂದು ಬರೆದಿರುತ್ತಿತ್ತು, ಒಳಗೆ ಇರುತ್ತಿದ್ದದ್ದು ಆರು. ಒಂದು ದಿನ ನೀನು ಕೆಟ್ಟ ಕ್ಯಾಸೆಟ್ಟೊಂದನ್ನು ಬಿಚ್ಚಿ ನನ್ನ ಮುಂದೆ ಹಿಡಿದೆ.

"ಇದರಾಗೇನ ಐತಲೇ ಈರಣ್ಣಾ, ಎರಡ ಚಿಪ್ಪು. ನೀ ಆಟ ಬರದ ಕೊಡು, ಕ್ಯಾಸೆಟ್ ನಾ ಮಾಡತೇನಿ."

ಯಾವ ಕಂಪನಿಯ ಅಪ್ಪಣೆಯೂ ಇಲ್ಲ, ಯಾರ ಸಹಾಯವೂ ಇಲ್ಲ — ಇಬ್ಬರೇ ಆಟ ಮಾಡಿ ಇಬ್ಬರೇ ಮಾರುವುದು. ಹುಬ್ಬಳ್ಳಿಯ ರದ್ದಿ ಅಂಗಡಿಯಲ್ಲಿ ಸಿಕ್ಕ ಒಂದು ಜೆರಾಕ್ಸ್ ಪುಸ್ತಕವನ್ನು ನೆಚ್ಚಿಕೊಂಡು ಒಂದೂವರೆ ವರ್ಷ ಬರೆದೆ. ರವಿವಾರ ನಿನ್ನ ಬೈಕಿನ ಹಿಂದೆ ಕೂತು ಕಿತ್ತೂರಿಗೆ ಹೋಗಿ, ಹಾಳು ಕೋಟೆಯ ಗೋಡೆಗಳನ್ನು ಚೌಕುಳಿ ಹಾಳೆಯಲ್ಲಿ ಬಿಡಿಸಿಕೊಂಡು ಬರುತ್ತಿದ್ದೆ. ಒಬ್ಬ ಸಿಪಾಯಿ ಕೋಟೆ ಹತ್ತಬೇಕು — ಅದೇ ನಮ್ಮ ಆಟ. ಮೊದಲು ಬಾಗಿಲು, ನಂತರ ಕಂದಕ, ನಂತರ ಬುರುಜು. ನಾಲ್ಕನೆಯ ಸ್ಟೇಜು ಮದ್ದಿನ ಕೋಣೆ. ಅಲ್ಲಿ ಮದ್ದು ಸಿಡಿದಾಗ ಇಡೀ ಪರದೆ ಕೆಂಪು-ಬಿಳಿ, ಕೆಂಪು-ಬಿಳಿ ಎಂದು ರೆಪ್ಪೆ ಬಡಿಯುವುದಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಹತ್ತು ಎಣಿಸುವ ತನಕ ನಿಲ್ಲುತ್ತಿರಲಿಲ್ಲ. ಅದನ್ನು ಬರೆದ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ. ಬೇರೆಯವರ ಆಟದಲ್ಲಿ ಬಾಂಬು ಸಿಡಿದರೆ ಹಿಡಿಯಷ್ಟು ಹೊಗೆ ಬರುತ್ತಿತ್ತು. ನನ್ನದರಲ್ಲಿ ಮನೆಯ ಗೋಡೆಗಳೇ ಕೆಂಪಾಗುತ್ತಿದ್ದವು.

ಮೊದಲು ನೋಡಿದವನು ನೀನು. ಟೇಬಲ್ಲು ಹಿಡಿದು ಕೂತುಬಿಟ್ಟೆ.

"ಲೇ, ತಲಿ ಗಿರ್ರ್ ಅಂತು. ಆ ಬೆಳಕ ತೆಗಿ. ಹುಡುಗ್ರು ಆಡೂದೈತಿ."

ನಾಷ್ಟಾ ಮಾಡದೆ ಬಂದಿದ್ದೀಯಾ ಎಂದು ನಿನ್ನನ್ನು ಕಾಡಿಸಿದೆ. ಆದರೆ ಅದೇ ವಾರ ಪತ್ರಿಕೆಯ ಮೂಲೆಯಲ್ಲಿ ಒಂದು ಸುದ್ದಿ ಓದಿದೆ — ಯಾವುದೋ ದೂರದ ದೇಶದಲ್ಲಿ ಟಿವಿಯಲ್ಲಿ ಇಂಥದೇ ಬೆಳಕು ಹೊಡೆದುಕೊಂಡು ಮಕ್ಕಳಿಗೆ ಫಿಟ್ಸು ಬಂದಿತ್ತಂತೆ. ಆ ತುಣುಕನ್ನು ಕತ್ತರಿಸಿದೆ, ಮಡಚಿದೆ, ಡ್ರಾಯರಿನಲ್ಲಿ ಹಾಕಿ ಕೀಲಿ ಹಾಕಿದೆ. ನಿನಗೆ ತೋರಿಸಲಿಲ್ಲ. ತೋರಿಸಿದ್ದರೆ ಅಲ್ಲಿಗೇ ಎಲ್ಲ — ಇರಲಿ.

ಬೆಳಕು ತೆಗೆದೆ ಎಂದು ನಿನಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ. ಕಂಪ್ಯೂಟರಿನಲ್ಲಿ ತೆಗೆದಿದ್ದೆ. ಆದರೆ ಅಷ್ಟರಲ್ಲಿ ನಲವತ್ತು ಚಿಪ್ಪುಗಳಿಗೆ ಹಳೆಯ ಆಟವನ್ನೇ ತುಂಬಿ ಆಗಿತ್ತು. ಆ ಚಿಪ್ಪುಗಳ ನೆತ್ತಿಯ ಮೇಲೆ ಸಣ್ಣ ಗಾಜಿನ ಕಿಟಕಿ ಇರುತ್ತಿತ್ತಲ್ಲ — ಬಹಳ ದಿನ ಬಿಸಿಲು ಬಿದ್ದರೆ ಒಳಗೆ ಬರೆದದ್ದು ಅಳಿಸಿಹೋಗುತ್ತದೆಂದು ನಾವು ಟೇಪು ಅಂಟಿಸುತ್ತಿದ್ದೆವು. ಅಳಿಸುವ ಮಷಿನ್ನು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಅಳಿಸಬೇಕಾದಾಗ ಟೇಪು ಕಿತ್ತು, ಪರಾತದಲ್ಲಿ ಹರಡಿ, ನಮ್ಮ ಮನೆಯ ಮಾಳಿಗೆಯ ಮೇಲೆ ಅವ್ವ ಸಂಡಿಗೆ ಒಣಹಾಕಿದ ಪಕ್ಕದಲ್ಲೇ ವಾರಗಟ್ಟಲೆ ಇಡುತ್ತಿದ್ದೆವು. ಸಂಡಿಗೆಗೂ ಚಿಪ್ಪಿಗೂ ಸೇರಿ ಅವ್ವನೇ ಕಾಗೆ ಕಾಯುತ್ತಿದ್ದಳು. ಗೊಂದಲ ಆಗಬಾರದೆಂದು ನೀನೊಂದು ನಿಯಮ ಮಾಡಿದ್ದೆ: ಹಳೆಯ ಆಟಕ್ಕೆ ಕರಿ ಟೇಪು, ತಿದ್ದಿದ ಆಟಕ್ಕೆ ಕೆಂಪು ಟೇಪು. ಕೆಂಪು ಕಂಡರೆ ನೀನು ಮತ್ತೆ ಕೇಳುತ್ತಿರಲಿಲ್ಲ.

ಆ ನಲವತ್ತನ್ನು ಮಾಳಿಗೆಯ ಮೇಲೆ ಇಟ್ಟೆ. ಎರಡು ದಿನ ಬಿಸಿಲು ಬಿತ್ತು. ಮೂರನೆಯ ದಿನ ಅಡ್ಡಮಳೆಯ ಮೋಡ ಮುಸುಕಿತು. ಪರೀಕ್ಷೆ ಮುಗಿದು ಸೂಟಿ ಬಿದ್ದಿತ್ತು. ಸವದತ್ತಿ, ರಾಮದುರ್ಗ, ಮುರಗೋಡದ ಅಂಗಡಿಯವರು ಕ್ಯಾಸೆಟ್ಟು ಯಾವಾಗ ಎಂದು ಕೇಳುತ್ತಿದ್ದರು. ಪರಾತ ಒಳಗೆ ತಂದು ಒಂದೊಂದೇ ಚಿಪ್ಪು ಪರೀಕ್ಷಿಸಿದೆ. ಒಂದಕ್ಷರವೂ ಅಳಿಸಿರಲಿಲ್ಲ. ಬಾಗಿಲು ಹಾಕಿಕೊಂಡು ಕೂತು ನಲವತ್ತಕ್ಕೂ ಕೆಂಪು ಟೇಪು ಅಂಟಿಸಿದೆ.

ತಪ್ಪನ್ನು ಮಳೆಯ ಮೇಲೆ ಹಾಕಬಹುದು, ಎಷ್ಟೋ ವರ್ಷ ಹಾಕಿಯೂ ನೋಡಿದೆ. ನಿಜ ಬೇರೆ ಇದೆ, ದಸ್ತಗೀರ. ಪರಾತ ಒಳಗೆ ತರುವಾಗ ನನಗೆ ಸಮಾಧಾನವಾಗಿತ್ತು. ಆ ಬೆಳಕು ಉಳಿಯಿತಲ್ಲ ಎಂದು. ಅದು ನನ್ನದು, ನಾನು ಕಂಡುಹಿಡಿದದ್ದು. ಅದಿಲ್ಲದೆ ಉಳಿದ ಆಟ ನನಗೆ ಸಪ್ಪೆ ಅನಿಸುತ್ತಿತ್ತು.

ನೀನು ಪ್ರತಿ ಕ್ಯಾಸೆಟ್ಟನ್ನೂ ಟಿವಿಗೆ ಹಚ್ಚಿ ಪರೀಕ್ಷಿಸಿದೆ, ಇಲ್ಲವೆನ್ನುವುದಿಲ್ಲ. ಆದರೆ ನಿನ್ನ ಸಿಪಾಯಿ ಎಂದೂ ಎರಡನೆಯ ಸ್ಟೇಜಿನ ಕಂದಕ ದಾಟಿದವನಲ್ಲ, ಅಲ್ಲೇ ಬಿದ್ದು ಸಾಯುತ್ತಿದ್ದ. ನಾಲ್ಕನೆಯದನ್ನು ಮುಟ್ಟಲು ನನಗೇ ಅರ್ಧ ತಾಸು ಬೇಕಾಗುತ್ತಿತ್ತು. ಅಷ್ಟು ದೂರ ಯಾರು ಬರುತ್ತಾರೆ — ಎಂದು ಧೈರ್ಯ ಮಾಡಿದೆ. ಯಾರೂ ಮುಟ್ಟಲಾರರು ಎಂಬ ನಂಬಿಕೆಯ ಮೇಲೆ ಒಂದು ಬಾವಿಗೆ ಕಟ್ಟೆ ಕಟ್ಟದೆ ಬಿಟ್ಟ ಹಾಗೆ.

ಜುಲೇಖಾ ಮುಟ್ಟುತ್ತಾಳೆಂದು ನನಗೆ ತಿಳಿದಿರಬೇಕಿತ್ತು. ಮೊದಲ ಕ್ಯಾಸೆಟ್ಟನ್ನು ನೀನು ಅವಳ ಊರು ಮನೋಳಿಗೆ ಒಯ್ದು ಅವಳಿಗೇ ಕೊಟ್ಟಿದ್ದೆ, ಆಟದ ಪೆಟ್ಟಿಗೆಗೆ ಕರೆಂಟು ಕೊಡಲು ನೀನೇ ಕಟ್ಟಿದ ಅಡಾಪ್ಟರಿನ ಸಮೇತ. ಎರಡು ದಿನ ಬಿಟ್ಟು ಊರೂರಿನ ಅಂಗಡಿಗಳಿಗೆ ಹಂಚುತ್ತ ನಾವಿಬ್ಬರೂ ಕೊನೆಗೆ ಅಲ್ಲಿಗೆ ಹೋದಾಗ ನಿನ್ನ ಅಕ್ಕ ಹಸೀನಾಬಿ ಊಟಕ್ಕೆ ನಿಲ್ಲಿಸಿಕೊಂಡಳು. ಉಂಡ ಮೇಲೆ ನೀನು ಕ್ಯಾಸೆಟ್ಟಿನ ಚೀಲ ತೆಗೆದುಕೊಂಡು ಬಸ್ ಸ್ಟ್ಯಾಂಡಿನ ಅಂಗಡಿಗೆ ಹೋದೆ. ಅಕ್ಕ ಅಡುಗೆಮನೆಯಲ್ಲಿದ್ದಳು. ಹೊರಗೆ ಸುಡುಬಿಸಿಲು; ಪರದೆ ಚೆನ್ನಾಗಿ ಕಾಣಲೆಂದು ಜುಲೇಖಾ ಕಿಟಕಿ ಮುಚ್ಚಿ, ಮೇಲೊಂದು ಕೌದಿ ಇಳಿಬಿಟ್ಟಳು. ನಡುಮಧ್ಯಾಹ್ನ ಆ ಕೋಣೆ ಕಗ್ಗತ್ತಲಾಯಿತು.

"ಕಾಕಾ, ನಿನ್ನೆ ಬುರುಜ ಹತ್ತಿದ್ದೆ. ಇವತ್ತ ಮ್ಯಾಲಕ ಹೋಗತೇನಿ, ನೋಡಕೊಂತ ಕುಂಡ್ರರಿ."

ಟಿವಿಗೆ ಮೊಳದಷ್ಟು ಹತ್ತಿರ ಕೂತು ಆಡಿದಳು. ಬಾಗಿಲು ದಾಟಿದಳು. ಕಂದಕ ದಾಟಿದಳು. ನಾನು ಹಿಂದೆ ಕೂತಿದ್ದೆ. ದಿನಾ ಆ ಹೊತ್ತಿಗೆ ಹೋಗುವ ಕರೆಂಟು ಹೋಗಲಿ ಎಂದು ಕಾಯ್ದೆ — ಅವತ್ತು ಹೋಗಲಿಲ್ಲ. ಬುರುಜಿನ ಮೆಟ್ಟಿಲು ಏರುವಾಗ ಎದ್ದು ಸ್ವಿಚ್ಚು ಆರಿಸಬಹುದಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇತ್ತು. ಹಿಂದೆ ಸರಿದು ಕೂಡು ಎಂದಾದರೂ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆಂದರೆ — ಇದನ್ನು ಬರೆಯದೆ ಬಿಟ್ಟರೆ ಈ ಕಾಗದಕ್ಕೆ ಅರ್ಥವಿಲ್ಲ — ಮದ್ದು ಸಿಡಿದಾಗ ಅವಳ ಮುಖ ಹೇಗಾಗುತ್ತದೆಂದು ನೋಡುವ ಆಸೆ ನನಗಿತ್ತು. ನೋಡುವುದಕ್ಕೆಂದು ಪಕ್ಕಕ್ಕೆ ಸರಿದು ಕೂತೆ ಕೂಡ.

ಕೋಣೆ ಕೆಂಪಾಯಿತು, ಬಿಳಿಯಾಯಿತು. ಮೊದಲು ಅವಳು ನಕ್ಕಳು. ಆಮೇಲೆ ಕೈಯೊಳಗಿನ ರಿಮೋಟು ಬಿತ್ತು, ಕುತ್ತಿಗೆ ಒಂದು ಬದಿಗೆ ಎಳೆಯಿತು, ಕೈಕಾಲು ಸೆಡೆತವು. ನಾನು ಮೊದಲು ಮಾಡಿದ ಕೆಲಸ ಮಗುವನ್ನು ಹಿಡಿದದ್ದಲ್ಲ, ಟಿವಿ ಆರಿಸಿದ್ದು. ನಿನ್ನ ಅಕ್ಕ ಓಡಿಬರುವ ಮೊದಲು ಪರದೆ ಕಪ್ಪಾಗಿರಬೇಕಿತ್ತು, ಅಷ್ಟೇ.

ಬಸ್ ಸ್ಟ್ಯಾಂಡಿನಿಂದ ನೀನು ಓಡಿಬಂದದ್ದು, ಟೆಂಪೋದಲ್ಲಿ ಹಾಕಿಕೊಂಡು ಸವದತ್ತಿಗೆ ಹೋದದ್ದು ನಿನಗೆ ಗೊತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸೆಡೆತ ನಿಂತಿತ್ತು. ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಡಾಕ್ಟರು ನೇರವಾಗಿ ನನ್ನನ್ನೇ ಕೇಳಿದರು.

"ಹುಡುಗಿ ಹಂತ್ಯಾಕ ಇದ್ದವರು ನೀವಲ್ಲೇನ್ರಿ? ಟಿವಿ ಮ್ಯಾಲ ಬೆಳಕ ಪಟಪಟ ಹೊಡಕೊಳ್ಳಾಕತ್ತಿತ್ತೇನು?"

"ಇಲ್ರಿ. ಸಾದಾ ಆಟ ಅದು."

ನೀನು ನನ್ನ ಮುಖ ನೋಡಿದೆ. ಅನುಮಾನದಿಂದ ಅಲ್ಲ — ನನ್ನ ಮಾತು ನಂಬಿ, ಹಾಗಾದರೆ ತಪ್ಪು ನಿನ್ನದೇ ಎಂದು ತಿಳಿದುಕೊಂಡೆ.

"ಅಡಾಪ್ಟರ್ ನಾ ಕಟ್ಟಿದ್ದರಿ ಸಾಹೇಬರ. ಕರೆಂಟ ಹೊಡದಿರಬೇಕು," ಅಂದೆ ನೀನು. ಡಾಕ್ಟರು ಅವಳ ಬೆರಳು ನೋಡಿ, ಸುಟ್ಟ ಗುರುತಿಲ್ಲವೆಂದು ತಲೆ ಅಲ್ಲಾಡಿಸಿದರು. ಹುಟ್ಟಿನಿಂದ ಬಂದ ಕಾಯಿಲೆ ಇದ್ದೀತು, ಇಷ್ಟು ದಿನ ಗೊತ್ತಾಗಿಲ್ಲ ಎಂದು ಗುಳಿಗೆ ಬರೆದುಕೊಟ್ಟರು. ಆ ಮಾತು ನಿನ್ನ ಕಿವಿಗೆ ಹೋಗಲೇ ಇಲ್ಲ. ಆ ಅಡಾಪ್ಟರನ್ನು ನೀನು ಬಿಚ್ಚಿ ನೋಡಿದೆ, ಮತ್ತೆ ಮತ್ತೆ ನೋಡಿದೆ. ದೋಷ ಕಾಣದಿದ್ದಾಗ ದೋಷ ಹುಡುಕಲೂ ಬಾರದವನು ನಾನು ಎಂದು ನಿನ್ನನ್ನೇ ಹಳಿದುಕೊಂಡೆ. ಸವದತ್ತಿ, ಮುರಗೋಡ, ರಾಮದುರ್ಗ ತಿರುಗಿ ಎಲ್ಲ ಕ್ಯಾಸೆಟ್ಟು ವಾಪಸು ತಂದೆವು. ಮಲಪ್ರಭೆಯ ದಂಡೆಯಲ್ಲಿ ಕಲ್ಲಿನಿಂದ ಜಜ್ಜಿ ನೀರಿಗೆ ಹಾಕುವಾಗ ನೀನು ಅತ್ತೆ. ನಾನು ಚೀಲದ ಬಾಯಿ ಹಿಡಿದು ನಿಂತಿದ್ದೆ, ಬೆಳಕಿನ ಮಾತು ಆಡಲಿಲ್ಲ. ಆ ತಿಂಗಳೇ ನೀನು ಅಂಗಡಿ ಮುಚ್ಚಿ ರಾಮದುರ್ಗಕ್ಕೆ ಹೋಗಿ ಮಾಲಿನ ಟೆಂಪೋ ಹೊಡೆಯಲು ಶುರು ಮಾಡಿದೆ. ನಿನ್ನಂಥ ಕೈ ಇನ್ನೆಂದೂ ಸೋಲ್ಡರ್ ಕಡ್ಡಿ ಹಿಡಿಯಲಿಲ್ಲ.

ಜುಲೇಖಾ ಎಂಟನೆಯ ತರಗತಿಗೇ ಸಾಲಿ ಬಿಟ್ಟಳು. ಕೆಲವು ವರ್ಷದ ಮೇಲೆ ಮುರಗೋಡದ ಹಾದಿಯಲ್ಲಿ ಬಸ್ಸಿನೊಳಗೆ ಮತ್ತೆ ಬಿದ್ದಳೆಂದು ಕೇಳಿದೆ — ಕಿಟಕಿಯ ಪಕ್ಕ ಕೂತಿದ್ದಳಂತೆ, ಸಾಲುಮರಗಳ ಸಂದಿಯಿಂದ ಸಂಜೆಯ ಬಿಸಿಲು ಬಿಟ್ಟು ಬಿಟ್ಟು ಮುಖಕ್ಕೆ ಹೊಡೆಯುತ್ತಿತ್ತಂತೆ. ಹೇಳಿದವರಿಗೆ ಅದು ಬರೀ ಸುದ್ದಿ. ನನಗೆ ಕೇಳಿದ ಕೂಡಲೆ ತಿಳಿಯಿತು. ಆ ಬದಿಗೆ ಕೂಡಬೇಡ, ಕಣ್ಣಿಗೆ ಕೈ ಅಡ್ಡ ಹಿಡಿ — ಇಷ್ಟು ಹೇಳಬಲ್ಲವನು ನಾನೊಬ್ಬನೇ ಇದ್ದೆ. ಆಗಲೂ ಬಾಯಿ ಬಿಡಲಿಲ್ಲ. ಮೊದಲ ಸುಳ್ಳು ಕಾಯಲು ಎಷ್ಟು ಸಲ ಸುಮ್ಮನಿರಬೇಕಾಯಿತು ಎಂದು ಲೆಕ್ಕ ಇಟ್ಟಿಲ್ಲ.

ಹೋದ ತಿಂಗಳು ನನ್ನ ಕ್ಲಾಸಿನ ವಿದ್ಯಾರ್ಥಿನಿಯೊಬ್ಬಳು ತಾನೇ ಬರೆದ ಆಟ ತೋರಿಸಿದಳು. ಈಗ ಮನೆಯಲ್ಲಿ ಕೂತು ಒಬ್ಬರೇ ಆಟ ಮಾಡಿ, ಹೊರದೇಶದ ಗೇಮ್ ಪೆಟ್ಟಿಗೆಗಳಿಗೆ ಇಂಟರ್ನೆಟ್ಟಿನ ಮೂಲಕ ತಾವೇ ಮಾರಬಹುದಂತೆ. ಅದಕ್ಕೆ ಮೊದಲು ಪರಿಶೀಲಿಸಬೇಕಾದ ಸಂಗತಿಗಳ ಒಂದು ಪಟ್ಟಿ ಇತ್ತು. ಅವಳು ಗಟ್ಟಿಯಾಗಿ ಓದುತ್ತ ಹೋದಳು, ನಾನು ಹೂಂ ಅನ್ನುತ್ತಿದ್ದೆ. ಪರದೆ ಜೋರಾಗಿ ಹೊಡೆದುಕೊಳ್ಳುತ್ತದೆಯೇ — ಎಂದು ಓದಿದಳು. ಕ್ಲಾಸು ಬಿಟ್ಟು ಮನೋಳಿಯ ಬಸ್ಸು ಹತ್ತಿದೆ.

ಜುಲೇಖಾ ಪಡಸಾಲೆಯಲ್ಲಿ ಹೊಲಿಗೆ ಮಷಿನ್ನಿನ ಮುಂದೆ ಕೂತಿದ್ದಳು. ಅವತ್ತು ಆಸ್ಪತ್ರೆಗೆ ಕರೆದೊಯ್ದವರು ನೀವೇ ಅಲ್ಲವೇ ಕಾಕಾ ಎಂದು ಚಹಾ ಕೊಟ್ಟಳು. ಚಹಾ ಕೆಳಗಿಟ್ಟು ಆ ಬೆಳಕಿನ ಮಾತು, ನನ್ನ ಸುಳ್ಳಿನ ಮಾತು ಹೇಳಿದೆ. ಅಳುತ್ತಾಳೆ, ಬೈಯುತ್ತಾಳೆ, ಹೊರಗೆ ಹಾಕುತ್ತಾಳೆ — ಎಲ್ಲಕ್ಕೂ ತಯಾರಾಗಿ ಹೋಗಿದ್ದೆ. ಅವಳು ಮಷಿನ್ನಿನ ಚಕ್ರ ಹಿಡಿದು ನಿಲ್ಲಿಸಿದಳು.

"ಡಾಕ್ಟರ್ ಕೇಳಿದಾಗ ನನಗ ಎಚ್ಚರ ಇತ್ರಿ ಕಾಕಾ. ಕಣ್ಣ ತೆರೀಲಿಕ್ಕೆ ಆಗವಲ್ದಾಗಿತ್ತು, ಆದರ ಕೇಳಸತಿತ್ತು. ನೀವು ಬೆಳಕ ಇದ್ದಿಲ್ಲ ಅಂದ್ರಿ. ನನಗ ಕಂಡಿತ್ತಲ್ಲ, ಕೆಂಪು-ಬಿಳಿ. ನೀವು ದೊಡ್ಡವರು, ಆಟ ಮಾಡಿದವರ ನೀವು — ನೀವ ಇಲ್ಲಂದ ಮ್ಯಾಲ ಅದು ನನ್ನ ತಲಿಯೊಳಗಿಂದ ಬಂದದ್ದು ಅಂತ ತಿಳಕೊಂಡೆ. ಹುಚ್ಚ ಹಿಡಿಯೂ ಮುಂದ ಹಿಂಗ ಕಾಣತೈತೇನೋ ಅಂತ. ಅಮ್ಮಿಗೂ ಹೇಳಲಿಲ್ಲ. ಸಾಲಿ ಯಾರೂ ಬಿಡಸಲಿಲ್ರಿ, ನಾನ ಬಿಟ್ಟೆ. ಎಲ್ಲಾರ ಮುಂದ ಹುಚ್ಚಿ ಆಗೂದು ಬ್ಯಾಡಂತ. ಎರಡ ಸಂಬಂಧ ಬಂದಿದ್ವು, ನಾನ ಒಲ್ಲೆ ಅಂದೆ."

ನಾನು ಸುಳ್ಳು ಹೇಳಿದ್ದು ಡಾಕ್ಟರಿಗೆ, ನಿನಗೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ, ದಸ್ತಗೀರ. ಆ ಮಂಚದ ಮೇಲೆ ಮಲಗಿದ್ದ ಹುಡುಗಿ ಅದನ್ನು ಕೇಳಿ ನಂಬಿದ್ದಳು. ತನ್ನ ಕಣ್ಣನ್ನು ನಂಬುವುದು ಬಿಟ್ಟು ನನ್ನ ಮಾತು ನಂಬಿ ಹನ್ನೊಂದು ವರ್ಷ ಒಬ್ಬಳೇ ಹೆದರಿಕೊಂಡು ಬದುಕಿದ್ದಾಳೆ. ಇದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ.

ಅವಳು ಕೇಳಿದ್ದು ಒಂದೇ. ಧಾರವಾಡದಲ್ಲಿ ಮಿದುಳಿನ ಡಾಕ್ಟರನ್ನು ಕಾಣಲು ಹೋಗುತ್ತಾಳೆ. ಅವರು ಮೊದಲಿನಿಂದ ಎಲ್ಲ ಕೇಳುತ್ತಾರಂತೆ. ಆ ಬೆಳಕಿನ ಮಾತಿಗೆ ಉತ್ತರ ನಾನೇ ಕೊಡಬೇಕು, ತಾನು ಎದುರಿಗೆ ಕೂತಿರುವಾಗ, ತನ್ನ ಮಾಮೂ, ಅಂದರೆ ನೀನು, ಕೂಡ ಕೇಳುವಂತೆ. ಬರುವ ಸೋಮವಾರ ಬೆಳಿಗ್ಗೆ ಧಾರವಾಡದ ಬಸ್ಸು ಹತ್ತಲು ನಾನೂ ಅವಳೂ ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇವೆ. ನನ್ನನ್ನು ಮಾತಾಡಿಸಬೇಡ, ಬೇರೆ ಸೀಟಿನಲ್ಲಿ ಕೂಡು. ಆದರೆ ಬಾ.