ಗಾಳಿಯ ಪಾಳಿ

ನವಲಗುಂದದ ನಮ್ಮ ಸೈಕಲ್ ಗುಂಪಿನಲ್ಲಿ ಏಳು ಮಂದಿ. ರಜೆಯ ರವಿವಾರ ಬೆಳಿಗ್ಗೆ ಶಲವಡಿಗೆ ಹೋಗಿ ಬರುವುದು ರೂಢಿ. ಚಿಕೂನ್‌ಗುನ್ಯಾ ಬಂದು ಮೂರು ತಿಂಗಳು ಮೂಲೆ ಹಿಡಿದಿದ್ದ ನಾನು ಆಷಾಢದ ಒಂದು ರವಿವಾರ ಮತ್ತೆ ಅವರ ಜೊತೆ ಹೊರಟೆ. ಯಾರಿಗೂ ಹೇಳದೆ ಒಂದು ಮಾತು ಗಟ್ಟಿ ಮಾಡಿಕೊಂಡಿದ್ದೆ: ಇವತ್ತು ತುಳಿದುಕೊಂಡು ಊರು ಮುಟ್ಟಲಾಗದಿದ್ದರೆ ಸೈಕಲ್ ಮಾರಿಬಿಡುವುದು. ಮೂವತ್ತು ವರ್ಷ ಸೀಟಿ ಊದಿ ಮಕ್ಕಳನ್ನು ಓಡಿಸಿದ ಪಿ.ಟಿ. ಮಾಸ್ತರ ನಾನು. ಟಂಟಂ ಆಟೋದಲ್ಲಿ ಸೈಕಲ್ ಹೇರಿಕೊಂಡು ಬರುವ ಗತಿ ನನಗೆ ಬೇಡವಾಗಿತ್ತು.

ಹೋಗುವಾಗ ಹಾರಿಕೊಂಡು ಹೋದೆ. "ಮಾಸ್ತರ, ಅಗದಿ ಹುಲಿ ಆಗೀರಲ್ರಿ!" ಎಂದರು ಗುಂಪಿನಲ್ಲಿದ್ದ ಗೊಬ್ಬರದ ಅಂಗಡಿಯವರು. ಆ ಹುಮ್ಮಸ್ಸಿನಲ್ಲಿ ಶಲವಡಿಯಲ್ಲಿ ಎರಡು ಪ್ಲೇಟು ಮಿರ್ಚಿ ಭಜಿ ಹೊಡೆದೆ. ಪಡುವಣ ಗಾಳಿ ಬೆನ್ನಿಗಿತ್ತು ಎನ್ನುವುದು ಈ ಬಯಲಲ್ಲೇ ಹುಟ್ಟಿ ಬೆಳೆದ ನನಗೆ ಹೊಳೆಯಲಿಲ್ಲ ನೋಡಿ. ಎಂಥ ಮಬ್ಬು!

ಊರ ಕಡೆ ಹೊರಳಿದ ಕೂಡಲೇ ಗಾಳಿ ಎದೆಗೆ ಬಡಿಯಿತು. ಎರಡೂ ಕಡೆ ಹೆಸರಿನ ಹೊಲ, ಮರೆಗೆ ಒಂದು ಮರವಿಲ್ಲ. ಮೊಣಕಾಲು ಕಿತ್ತು ಬರುತ್ತಿತ್ತು, ಮಿರ್ಚಿ ಗಂಟಲಿಗೆ ಬರುತ್ತಿತ್ತು.

ಎದುರುಗಾಳಿಗೆ ನಮ್ಮಲ್ಲೊಂದು ಪದ್ಧತಿ ಇದೆ. ಒಬ್ಬರು ಮುಂದೆ ಗಾಳಿ ಹೊರಬೇಕು, ಉಳಿದವರು ಅವರ ಮರೆಯಲ್ಲಿ ಸಾಲಾಗಿ ಬರಬೇಕು. ಮುಂದಿನವರು ದಣಿದರೆ ಬಾಜುವಿಗೆ ಸರಿದು ಸಾಲಿನ ಕೊನೆಗೆ ಬರುತ್ತಾರೆ, ಎರಡನೆಯವರು ಮುಂದಾಗುತ್ತಾರೆ. ಕಾಲುವೆ ನೀರಿನ ಹಾಗೆ ಪಾಳಿ. ಯಾರಿಗೂ ಮಾಫಿ ಇಲ್ಲ.

ಸರ್ಕಾರಿ ದವಾಖಾನೆಯ ನರ್ಸಬಾಯಿ ಮುಂದಿದ್ದರು. ಅವರ ಹಿಂದೆ ನಾನು, ಮುಂದಿನ ಪಾಳಿ ನನ್ನದು. ಅವರು ಸರಿಯಲೇ ಇಲ್ಲ. ಒಂದು ಹಳ್ಳ ದಾಟಿತು, ಇನ್ನೊಂದು ದಾಟಿತು. ಸಣಕಲು ಮೈಯ ಆ ಹೆಣ್ಣುಮಗಳು ತಲೆ ತಗ್ಗಿಸಿ ತುಳಿಯುತ್ತಲೇ ಇದ್ದರು. ಅಂಗಿಯ ಬೆನ್ನು ತೊಯ್ದು ಹೋಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ನನ್ನ ಪಾಳಿ ಯಾಕ ಕಸಗೊಳ್ತೀರಿ ಬಾಯಾರ? ನಾ ಏನು ಸತ್ತೀನೇನು?"

ಅವರು ತಿರುಗಿ ನೋಡಲಿಲ್ಲ. "ಕಸಗೊಂಡಿಲ್ರಿ ಸರ, ತೆಗೆದಿಟ್ಟೀನಿ. ಊರ ಸಮೀಪ ಕೊಡ್ತೀನಿ. ಈಗ ನನ್ನ ಹಿಂದಿನ ಗಾಲಿ ಅಷ್ಟ ನೋಡ್ರಿ."

ಆ ಗಾಲಿಗೇ ಕಣ್ಣು ನೆಟ್ಟು ತುಳಿದೆ. ಮೂವತ್ತು ವರ್ಷದಲ್ಲಿ ಸೋತ ಹುಡುಗನಿಗೆ ನಾನು ಹೀಗೆ ಒಂದು ಮಾತು ಹೇಳಿದ್ದು ನೆನಪಿಲ್ಲ. ನಾಚಿಕೆಯಾಯಿತು.

ಊರಿನ ಮನೆಗಳು ಕಾಣುತ್ತಲೇ ಅವರು ಬಲಕ್ಕೆ ಸರಿದರು. "ತಗೋರಿ ಸರ, ನಿಮ್ಮ ಪಾಳಿ."

ಮುಂದಾದೆ. ಗಾಳಿ ನನ್ನನ್ನು ನಿಲ್ಲಿಸಿಯೇ ಬಿಟ್ಟಿತು ಎನಿಸಿತು. ಹಲ್ಲು ಕಚ್ಚಿ ತುಳಿದೆ. ನಡೆದು ಹೋಗುತ್ತಿದ್ದ ಮುದುಕನೊಬ್ಬ ಸುಮಾರು ಹೊತ್ತು ನನ್ನ ಸರಿಸಮ ಬಂದ, ಅಷ್ಟು ನಿಧಾನ. ಆಗ ಬೆನ್ನ ಹಿಂದೆ ಕಿರ್ ಎಂದು ಬ್ರೇಕಿನ ಸದ್ದಾಯಿತು. ಮತ್ತೊಮ್ಮೆ, ಮತ್ತೊಬ್ಬರದು. ಆ ಗಾಳಿಯಲ್ಲಿ ಬ್ರೇಕ್ ಹಿಡಿಯುವ ಅಗತ್ಯ ಯಾರಿಗಿತ್ತು? ಆರೂ ಮಂದಿ ನನ್ನನ್ನು ದಾಟಬಾರದೆಂದು ಬ್ರೇಕ್ ಒತ್ತಿ ಒತ್ತಿ ಬರುತ್ತಿದ್ದರು. ಊರು ಮುಟ್ಟುವವರೆಗೂ ಒಬ್ಬರೂ ದಾಟಲಿಲ್ಲ.