ತಮ್ಮನ ತಲೆಯಳತೆಯ ಕುಲಾವಿ

ಇಂದು ಅವ್ವನ ಪೆಟ್ಟಿಗೆ ತೆರೆದಾಗ ಹಳೆಯ ಉಣ್ಣೆಯ ವಾಸನೆ ಬಂದು, ಮನಸ್ಸು ತುಂಗಭದ್ರಾ ಅಣೆಕಟ್ಟಿನ ಬಳಿಯ ಟಿ.ಬಿ. ಡ್ಯಾಂನ ನಮ್ಮ ವಸತಿಗೃಹಕ್ಕೆ ಮರಳಿತು.

ನೆರೆಮನೆಯ ಹಸುಗೂಸನ್ನು ಅಂದು ಸಂಜೆ ತೊಟ್ಟಿಲಿಗೆ ಹಾಕುವವರಿದ್ದರು. ನನಗೆ ಮಗ್ಗಿ ಹೇಳಿಸುತ್ತ, ಕಾಲಿನಿಂದ ತಮ್ಮನ ತೊಟ್ಟಿಲು ತೂಗುತ್ತ, ಅವ್ವ ಒಂದೇ ಹಗಲಿನಲ್ಲಿ ಉಡುಗೊರೆಗೆಂದು ಕುಲಾವಿ ಹೆಣೆದಳು. ಅಳತೆಗೆ ಸಿಕ್ಕಿದ್ದು ಆಗಲೇ ಅಂಬೆಗಾಲಿಡುತ್ತಿದ್ದ ತಮ್ಮನ ತಲೆ. ಸಂಜೆ ನೆರೆಮನೆಯಲ್ಲಿ ತೊಡಿಸಿದೊಡನೆ ಅದು ಕೂಸಿನ ಮೂಗಿನವರೆಗೆ ಇಳಿಯಿತು.

“ಅಕ್ಕಾರ, ಇದು ಕೂಸಿಗೋ, ಕೂಸಿನ ಅಪ್ಪಗೋ?” ಎಂದು ಒಬ್ಬಾಕೆ ಕೇಳಿದಾಗ ಎಲ್ಲರೂ ನಕ್ಕರು. ಅವ್ವನ ಕಣ್ಣು ತುಂಬಿತು.

ಆ ಮನೆಯ ಅಜ್ಜಿ ಕುಲಾವಿಯ ಅಂಚನ್ನು ಎರಡು ಸುತ್ತು ಮಡಚಿ, ಮತ್ತೆ ತೊಡಿಸಿದರು.

“ನಗಬ್ಯಾಡ್ರಿ. ನೀವೆಲ್ಲಾ ಇವತ್ತಿನ ಕೂಸಿಗೆ ತಂದೀರಿ, ಈಕಿ ಬೆಳಿಯೋ ಕೂಸಿಗೆ ತಂದಾಳ.”

ಅವ್ವನೂ ನಕ್ಕಳು. ಇಂದಿಗೂ ದೇವರ ಮುಂದೆ ದೀಪ ಹಚ್ಚುವಾಗ, ಅವ್ವನ ಮಾನ ಕಾಯ್ದ ಆ ಅಜ್ಜಿಯನ್ನು ನೆನೆದು ಕೈಮುಗಿಯುತ್ತೇನೆ.